ತಾಂಬೂಲದ ಚೀಲದಲ್ಲಿ ಹದಿನಾಲ್ಕು ಕಥೆ

ಗಣಪತಿ ಇಲ್ಲಿಗೂ ಬಂದು ಕೂತಿದ್ದಾನೆ, ಚಿನ್ನದ ಬಣ್ಣದಲ್ಲಿ, ಎರಡು ಪಕ್ಕಕ್ಕೂ ಬಾಳೆಕಂಬ ನಿಲ್ಲಿಸಿಕೊಂಡು, ಕೆಳಗೆ ವಾಲಗದವರನ್ನು ಕೂರಿಸಿಕೊಂಡು — ಇದು ಮದುವೆ ಕಾರ್ಡಲ್ಲವಪ್ಪಾ, ಪುಸ್ತಕ, ನನ್ನ ಪುಸ್ತಕ, ಎಂದು ಅಲಮೇಲು ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಳ್ಳುತ್ತಾಳೆ, ಗಣಪತಿ ಹೋಗಿಲ್ಲ, ಅವನ ಕೆಳಗೆ ದಪ್ಪ ಅಕ್ಷರದಲ್ಲಿ ನಡುಮನೆ ದಾಟಿ ಎಂದಿದೆ, ಸರಿ, ಕಥೆಗಳು ಎಂದಿದೆ, ಸರಿ, ಬರೆದವರ ಹೆಸರಿರಬೇಕಾದ ಕಡೆ ಶ್ರೀಮತಿ ಮತ್ತು ಶ್ರೀ ವರದರಾಜ ಎಂದಿದೆ, ಅದರ ಕೆಳಗೆ ತಮ್ಮ ಆಗಮನಾಭಿಲಾಷಿಗಳು, ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು, ಕೆಳಗಂಚಿನಲ್ಲಿ ಆಶೀರ್ವಾದವೇ ಉಡುಗೊರೆ ಎಂದೂ ಇದೆ, ಅವಳಿಗೆ ನಗು ತಡೆಯಲಾಗುವುದಿಲ್ಲ, ಸುಲ್ತಾನ್‌ಪೇಟೆಯ ಕಾರ್ಡಿನಂಗಡಿಯ ಸ್ಟೂಲಿನ ಮೇಲೆ ಒಬ್ಬಳೇ ಕೂತು ನಗುವ ಹೆಂಗಸನ್ನು ರಸ್ತೆಯವರು ಏನಂದುಕೊಳ್ಳುತ್ತಾರೋ, ಅಂದುಕೊಳ್ಳಲಿ, ಐವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ತನ್ನ ಪುಸ್ತಕದ ಕರಡಚ್ಚು ತೊಡೆಯ ಮೇಲೆ ಬಂದು ಬಿದ್ದಾಗ ನಗದಿದ್ದರೆ ಇನ್ನು ಯಾವಾಗ ನಗುವುದು. ತಪ್ಪು ಅಂಗಡಿಯ ಶಿವಲಿಂಗಯ್ಯನವರದೂ ಅಲ್ಲ, ಪಾಪ, ಮೂವತ್ತು ವರ್ಷ ಲಗ್ನಪತ್ರಿಕೆ ಅಚ್ಚು ಹಾಕಿದ ಕೈ, ಯಾವ ಕಾಗದ ಸಿಕ್ಕಿದರೂ ಅದಕ್ಕೊಂದು ಮದುವೆ ಮಾಡಿಸಿಯೇ ಬಿಡುತ್ತದೆ, ಮೇಲಾಗಿ ಮಗಳು ಸುಪ್ರಜಾಳ ಲಗ್ನಪತ್ರಿಕೆಯೂ ಅಮ್ಮನ ಕಥೆಗಳೂ ಒಂದೇ ವಾರ ಒಂದೇ ಕಂಪ್ಯೂಟರಿನಲ್ಲಿ ಕೂತರೆ ಎರಡಕ್ಕೂ ನೆಂಟಸ್ತಿಕೆ ಬೆಳೆಯದೆ ಇರುತ್ತದೆಯೇ. ಊಟಕ್ಕೆ ಹೊರಡುವ ಮುನ್ನ ಶಿವಲಿಂಗಯ್ಯ ಹೇಳಿದ್ದು ಇಷ್ಟು — ಗಣಪತಿ ತೆಗೀತೀನಿ ಬಿಡಿ ಅಮ್ಮಾ, ಅದು ಒಂದ್ ನಿಮಿಷದ ಕೆಲ್ಸ, ನೀವು ಲೆಕ್ಕ ಹೇಳ್ಬಿಡಿ, ಎಂಟುನೂರಾ ಮುನ್ನೂರಾ, ಆ ಕಡೇ ಕತೆ ಇರತ್ತಾ ಹೋಗತ್ತಾ, ಮಿಷಿನ್ನು ಖಾಲಿ ಇರೋದು ಇವತ್ತು ಸಂಜೆ ಒಂದೇ, ನಾಳೆಯಿಂದ ಲಗ್ನದ ಸೀಸನ್ನು, ಆಮೇಲೆ ನನ್ನನ್ನ ಕೇಳ್ಬೇಡಿ, ನಾನು ಒಂದು ಮುದ್ದೆ ಮುರ್ಕೊಂಡು ಬಂದ್ಬಿಡ್ತೀನಿ. ಒಂದು ಮುದ್ದೆಗೆ ಎಷ್ಟು ಹೊತ್ತು ಹಿಡಿಯುತ್ತದೆ, ಇಪ್ಪತ್ತು ನಿಮಿಷ, ಸಾರು ಚೆನ್ನಾಗಿದ್ದರೆ ಅರ್ಧ ಗಂಟೆ, ಸಾರು ಚೆನ್ನಾಗಿರಲಪ್ಪಾ ದೇವರೇ ಎಂದು ಅಲಮೇಲು ತನಗೆ ಗೊತ್ತಿಲ್ಲದ ಆ ಮನೆಯ ಒಲೆಗೆ ಒಂದು ಹರಕೆ ಹೊರುತ್ತಾಳೆ.

ಎಂಟುನೂರು — ಎಂಟುನೂರು ಎಂದರೆ ಸಣ್ಣ ಮಾತೇ, ಗಾಂಧಿನಗರದ ಆ ಪ್ರಕಾಶಕರು ಎರಡು ವರ್ಷ ಹಸ್ತಪ್ರತಿಯನ್ನು ಬೀರುವಿನ ಮೇಲೆ ಮಲಗಿಸಿ, ಆಮೇಲೆ ಧೂಳು ಕೂಡ ಒರೆಸದೆ ವಾಪಸು ಕೊಟ್ಟು, ಕಥೆ ಓಡಲ್ಲ ತಾಯಿ, ಅಡಿಗೆ ಪುಸ್ತಕ ಇದ್ರೆ ತನ್ನಿ, ಉಪ್ಪಿನಕಾಯಿ, ಚಟ್ನಿಪುಡಿ, ಅದು ಓಡತ್ತೆ, ಎಂದಾಗ ಅವಳ ಕಣ್ಣಲ್ಲಿ ನೀರೇ ಬಂದಿತ್ತು, ಉಪ್ಪಿನಕಾಯಿ ಹೇಗೆ ಓಡುತ್ತದೆಯೋ, ಜಾಡಿಗೆ ಕಾಲು ಬರುತ್ತದೆಯೋ ಎಂದು ಬಸ್ಸಿನಲ್ಲಿ ಬೈದುಕೊಂಡೇ ಬಂದಿದ್ದಳು, ಆಮೇಲೆ ಯಾರೋ ಹೇಳಿದರು, ನೀವೇ ಹಾಕಿಸ್ಕೊಳ್ಳಿ ಮೇಡಂ, ಎಲ್ಲರೂ ಹಾಗೇ ಮಾಡೋದು, ಇನ್ನೊಬ್ಬರು ಹೇಳಿದರು, ಹಾಕಿಸ್ಕೊಂಡು ಏನ್ಮಾಡ್ತೀರಿ, ಮಂಚದ ಕೆಳಗಿಟ್ಟು ಅದರ ಮೇಲೆ ಮಲಕ್ಕೊಳ್ತೀರಾ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದವರು ಪುಸ್ತಕ ಮಾಡಿ ನೋಡು ಎನ್ನುವುದನ್ನು ಏಕೆ ಬಿಟ್ಟರೋ, ಕಾಗದ ಯಾವುದು, ರಟ್ಟು ಯಾವುದು, ಮುನ್ನುಡಿಗೆ ಯಾರ ಮನೆ ಬಾಗಿಲು ಬಡಿಯುವುದು, ಬಡಿದರೆ ಆರು ತಿಂಗಳು, ಬೇಡ, ಮುನ್ನುಡಿ ಇಲ್ಲದೆಯೇ ಹುಟ್ಟಲಿ, ಪ್ರಕಾಶನಕ್ಕೊಂದು ಹೆಸರು ಬೇಕಂತೆ, ಯಜಮಾನರು ವರದರಾಜರು ತಮ್ಮ ತಾಯಿಯ ಹೆಸರಿಡೋಣ ಎಂದು ಆಗಲೇ ಒಂದು ಚೀಟಿಯಲ್ಲಿ ಬರೆದು ದೇವರ ಮುಂದೆ ಇಟ್ಟಾಗಿದೆ, ಕೂಸು ಹುಟ್ಟುವ ಮುನ್ನವೇ ಕುಲಾವಿ, ಎನ್.ಆರ್. ಕಾಲೋನಿಯ ಎರಡು ಕೋಣೆಯ ಮನೆ ಇದ್ದಕ್ಕಿದ್ದಂತೆ ಒಂದು ಪ್ರಕಾಶನ ಸಂಸ್ಥೆ, ಅಕ್ಕಿ ಡಬ್ಬದ ಪಕ್ಕ ಆಫೀಸು. ಆದರೆ ತಾಂಬೂಲದ ಚೀಲದ ಉಪಾಯ ಹೊಳೆದದ್ದು ಅವಳಿಗೇ, ಯಾರೂ ಹೇಳಿಕೊಟ್ಟದ್ದಲ್ಲ, ಹೋದ ವರ್ಷ ಚಾಮರಾಜಪೇಟೆಯ ಒಂದು ಮದುವೆಯಲ್ಲಿ ಕೊಟ್ಟ ಚೀಲದಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಜೊತೆಗೆ ಒಂದು ತೆಳ್ಳನೆ ಸ್ತೋತ್ರದ ಪುಸ್ತಕ, ಬಸ್ಸಿನಲ್ಲಿ ಕೂತವಳು ಮುಂದೆ ನೋಡುತ್ತಾಳೆ, ಹಿಂದೆ ನೋಡುತ್ತಾಳೆ, ಅದೇ ಮದುವೆಯಿಂದ ಹೊರಟ ಹೆಂಗಸರೆಲ್ಲ ಚೀಲದಿಂದ ಪುಸ್ತಕ ತೆಗೆದು ಓದುತ್ತಿದ್ದಾರೆ, ಬೇರೆ ಕೆಲಸವಿಲ್ಲವಲ್ಲ, ತೆಂಗಿನಕಾಯಿಯನ್ನು ಓದಲಾಗುವುದಿಲ್ಲವಲ್ಲ, ಆಗ ಎದೆ ಹೇಗೆ ಹಾರಿತ್ತು ಎಂದರೆ ಇಳಿಯುವ ಸ್ಟಾಪೇ ಮರೆತು ಮುಂದಕ್ಕೆ ಹೋಗಿ ನಡೆದುಕೊಂಡು ವಾಪಸು ಬಂದಿದ್ದಳು — ಸುಪ್ರಜಾಳ ಮದುವೆಗೆ ಎಂಟುನೂರು ಜನ, ಎಂಟುನೂರು ಚೀಲ, ಎಂಟುನೂರು ಪುಸ್ತಕ, ಯಾವ ಪ್ರಕಾಶಕನಿಗೆ ಒಂದೇ ದಿನದಲ್ಲಿ ಎಂಟುನೂರು ಓದುಗರು ಸಿಗುತ್ತಾರೆ, ಸಿಗಲಿ ನೋಡೋಣ. ಅರ್ಧ ಜನ ಹಾಲಿನ ಪಾತ್ರೆಗೆ ಮುಚ್ಚಳ ಮಾಡುತ್ತಾರೆ, ಮಾಡಲಿ, ಇನ್ನರ್ಧ ಉಳಿಯಿತಲ್ಲ, ಮುಚ್ಚಳ ತೆಗೆಯುವಾಗಲಾದರೂ ಒಂದು ಸಾಲು ಕಣ್ಣಿಗೆ ಬಿದ್ದೀತು. ಕಾಟನ್‌ಪೇಟೆಯಲ್ಲಿ ಚೀಲ ನೋಡಿ ಬಂದಾಯಿತು, ಹಳದಿ ಬಟ್ಟೆಯವು, ಪುಸ್ತಕ ಹಿಡಿಸುವಷ್ಟು ಅಗಲ, ತೆಂಗಿನಕಾಯಿ ಕೆಳಗೆ, ಕಥೆ ಮೇಲೆ, ಮಗಳನ್ನು ಕೇಳಿದರೆ, ನಿನ್ನಿಷ್ಟ ಅಮ್ಮಾ, ಬ್ಲೌಸ್ ಕೊಡೋಕೆ ಹೋಗ್ಬೇಕು, ಬೇಗ ಹೇಳು ಅದೇನು ಅಂತ, ಎಂದು ಚಪ್ಪಲಿ ಹಾಕಿಕೊಂಡೇ ಒಪ್ಪಿಗೆ ಕೊಟ್ಟಳು, ಬೀಗಿತ್ತಿ ತ್ರಿಪುರಸುಂದರಮ್ಮನವರಂತೂ ಫೋನಿನಲ್ಲೇ ಕುಣಿದಾಡಿದರು, ಅಯ್ಯೋ ಎಷ್ಟ್ ಚೆನ್ನಾಗಿದೆ ರೀ ಐಡಿಯಾ, ನಮ್ಮ ಕಡೆಯವ್ರಿಗೆಲ್ಲ ಹೇಳ್ತೀನಿ, ನಮ್ಮ ಬೀಗಿತ್ತಿ ರೈಟರ್ರು ಅಂತ, ಆಮೇಲೆ ಸ್ವಲ್ಪ ತಡೆದು, ಅದರೊಳಗೆ ಎಲ್ಲ ಶುಭವಾಗಿರೋದೇ ತಾನೇ ಇರೋದು, ಮದುವೆ ಮನೆ ಅಲ್ವಾ, ಅದಕ್ಕೇ ಕೇಳ್ದೆ.

ಶುಭವಾದದ್ದೇ, ಹದಿಮೂರು ಕಥೆ ಶುಭವಾದದ್ದೇ, ಜಗಳವಿದೆ, ಜಿಪುಣರಿದ್ದಾರೆ, ಪಾಯಸಕ್ಕೆ ಉಪ್ಪು ಹಾಕಿದ ಸೊಸೆ ಇದ್ದಾಳೆ, ಯಾರೂ ಕೆಡುವುದಿಲ್ಲ, ಎಲ್ಲರೂ ಕೊನೆಗೆ ಊಟಕ್ಕೆ ಕೂರುತ್ತಾರೆ, ಹದಿನಾಲ್ಕನೆಯದು ಮಾತ್ರ — ಯಜಮಾನರು ಅದನ್ನು ಓದಿ ಕನ್ನಡಕ ತೆಗೆದು ಮಡಿಸಿಟ್ಟು, ಚೆನ್ನಾಗ್ ಬರ್ದಿದೀಯ ಕಣೆ, ಸುಳ್ಳು ಯಾಕೆ ಹೇಳ್ಲಿ, ಆದರೆ ಇದೊಂದು ತೆಗೆದುಬಿಡು, ಹೆಣ್ಣು ಕೊಡೋರು ನಾವು, ನಾಳೆ ಯಾರಾದ್ರೂ ಒಂದು ಮಾತು ಅಂದ್ರೆ ಮಗು ಮುಖ ನೋಡಕ್ಕಾಗಲ್ಲ ನನ್ಕೈಲಿ, ಎಂದರು, ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಗದರಿದ್ದರೆ ಜಗಳವಾದರೂ ಆಡಬಹುದಿತ್ತು. ಹದಿನಾಲ್ಕನೆಯದು ಚೂಡತ್ತೆಯ ಕಥೆ. ಅಪ್ಪನ ಅಕ್ಕ, ಹತ್ತೊಂಬತ್ತಕ್ಕೆ ಗಂಡ ಹೋಗಿ, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಚಾಮರಾಜಪೇಟೆಯ ತವರುಮನೆಯ ಹಿಂದಿನ ಕೋಣೆಯಲ್ಲಿ ಕೂರಿಸಿದರಲ್ಲ, ಆಮೇಲೆ ಅತ್ತೆ ಶುಭಕಾರ್ಯದ ದಿನ ನಡುಮನೆ ದಾಟಿದ್ದು ಯಾರೂ ನೋಡಿಲ್ಲ, ಆದರೆ ಅತ್ತೆಯ ಹಾಗೆ ಮೊಗ್ಗಿನ ಜಡೆ ಹೆಣೆಯುವ ಕೈ ಇಡೀ ಪೇಟೆಯಲ್ಲಿ ಇನ್ನೊಂದಿರಲಿಲ್ಲ, ಬಾಳೆಪಟ್ಟೆಯ ಮೇಲೆ ಮಲ್ಲಿಗೆ ಮೊಗ್ಗುಗಳನ್ನು ಒಂದೊಂದಾಗಿ ಸೂಜಿಯಲ್ಲಿ ಪೋಣಿಸಿ, ಸಾಲಿಗೆ ಸಾಲು ಒತ್ತಿ, ನಡುವೆ ಕನಕಾಂಬರ, ತುದಿಗೆ ಕುಚ್ಚು, ಹೊಸೆದ ಹಗ್ಗಕ್ಕಿಂತ ಬಿಗಿ, ವಿಧವೆಯ ಕೈ ಮದುಮಗಳ ಹೂವು ಮುಟ್ಟಬಾರದು ಎಂದು ಗೊತ್ತಿದ್ದವರೇ ಬೆಳಗಿನ ಜಾವ ಬುಟ್ಟಿಯಲ್ಲಿ ಮೊಗ್ಗು ತಂದು ಹಿಂದಿನ ಕೋಣೆಗೆ ಇಟ್ಟು ಬಾಗಿಲು ಮುಂದಕ್ಕೆಳೆದುಕೊಂಡು ಹೋಗುತ್ತಿದ್ದರು, ಮನೆಯವರಿಗೆಲ್ಲ ಗೊತ್ತು, ಯಾರ ಬಾಯಲ್ಲೂ ಇಲ್ಲ, ಮದುಮಗಳಿಗೆ ಹೇಳುವವರೂ ಇಲ್ಲ, ನಮ್ಮ ವಂಶದ ಹನ್ನೆರಡು ಹೆಣ್ಣುಮಕ್ಕಳು ಆ ಜಡೆ ಇಟ್ಟುಕೊಂಡು ಹಸೆಮಣೆ ಏರಿದರು. ಎಂಟು ವರ್ಷದ, ಒಂಬತ್ತು ವರ್ಷದ ಅಲಮೇಲು ಪಕ್ಕದಲ್ಲಿ ಕೂತು ದಾರ ಹಿಡಿಯುತ್ತಿದ್ದಳು, ಅತ್ತೆ ಹೆಣೆಯುತ್ತಾ ಕಥೆ ಹೇಳುತ್ತಿದ್ದಳು, ಪಾಯಸಕ್ಕೆ ಉಪ್ಪು ಹಾಕಿದ ಸೊಸೆ ಅಲ್ಲೇ ಸಿಕ್ಕಿದವಳು, ಜಿಪುಣ ಮಾವ ಅಲ್ಲೇ, ಬಾಯಲ್ಲಿ ಸೂಜಿ ಕಚ್ಚಿಕೊಂಡು ಕಥೆ ಹೇಳುವುದು ಹೇಗೆ ಸಾಧ್ಯವೋ, ಅತ್ತೆಗೆ ಸಾಧ್ಯವಿತ್ತು, ಜಡೆ ಮುಗಿದ ಮೇಲೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಈ ಹುಡುಗಿಯ ಎರಡು ಕೈಯ ಮೇಲೆ ಮಲಗಿಸಿ, ಜೋಪಾನ, ಮಗು ಎತ್ಕೊಂಡ ಹಾಗೆ ಹೋಗು, ಎನ್ನುತ್ತಿದ್ದಳು, ಆಮೇಲೆ ಅಡಿಗೆಮನೆಯ ಪಕ್ಕದ ಕಿಟಕಿಗೆ ಬಂದು ನಿಲ್ಲುತ್ತಿದ್ದಳು, ಆ ಕಿಟಕಿಯಿಂದ ಹಸೆಮಣೆ ಪೂರ್ತಿ ಕಾಣುತ್ತಿರಲಿಲ್ಲ, ಮದುಮಗಳ ಬೆನ್ನು ಮಾತ್ರ ಕಾಣುತ್ತಿತ್ತು, ಅತ್ತೆಗೆ ಬೇಕಾದದ್ದೂ ಬೆನ್ನೇ, ಈ ಕಡೆಯಿಂದ ನೋಡಿದವರಿಗೆ ಕಾಣುತ್ತಿದ್ದದ್ದು ಕಿಟಕಿಯ ಸರಳಿನ ಮೇಲೆ ನಾಲ್ಕು ಬೆರಳು, ಮೊಗ್ಗಿನ ತೊಟ್ಟು ಕಿತ್ತು ಕಿತ್ತು ಹಸಿರಾದ ನಾಲ್ಕು ಬೆರಳು.

ಒಳಗೆ ಮಿಷಿನ್ನು ಟಕ್ಕ ಟಕ್ಕ ಎಂದು ಬೇರೆ ಯಾರದೋ ಲಗ್ನಪತ್ರಿಕೆ ಉಗುಳುತ್ತಿದೆ, ಮಸಿಯ ವಾಸನೆ, ಅಂಟಿನ ವಾಸನೆ, ಕಾರ್ಡಿನ ಮೂಲೆಗೆ ಹಚ್ಚಲು ಬಟ್ಟಲಲ್ಲಿ ಕಲಸಿಟ್ಟ ಅರಿಶಿನದ ವಾಸನೆ, ಎಲ್ಲ ಸೇರಿ ತಲೆ ತಿರುಗುವಷ್ಟು ಖುಷಿ, ಹೌದು, ಖುಷಿಯೇ, ಬೇಜಾರು ಮಾಡಿಕೊಳ್ಳುವ ವೇಳೆ ಅಲ್ಲ ಇದು, ಇವತ್ತು ಸಂಜೆ ಅವಳ ಹೆಸರು ಆ ಮಿಷಿನ್ನಿನ ಹೊಟ್ಟೆಯೊಳಗೆ ಹೋಗುತ್ತದೆ, ಎಷ್ಟು ಪ್ರತಿ, ಎಷ್ಟು ಕಥೆ ಎನ್ನುವುದಷ್ಟೇ ಬಾಕಿ. ಶಿವಲಿಂಗಯ್ಯ ಎಷ್ಟು ಸಲೀಸಾಗಿ ಹೇಳಿದರು, ಪುಸ್ತಕ ಅಂದ್ರೆ ಹದಿನಾರು ಪುಟದ ಲೆಕ್ಕ ಅಮ್ಮಾ, ದೊಡ್ಡ ಹಾಳೆ ಮಡಚಿದ್ರೆ ಹದಿನಾರು, ನಿಮ್ದು ಏಳು ಹಾಳೆ, ಆ ಕಡೇ ಕತೆ ಕರೆಕ್ಟಾಗಿ ಒಂದು ಹಾಳೆ, ತೆಗೆದ್ರೆ ಗೊತ್ತೇ ಆಗಲ್ಲ, ನೀಟಾಗಿ ಹೋಗತ್ತೆ. ಗೊತ್ತೇ ಆಗುವುದಿಲ್ಲ, ಅದೇ ಕಷ್ಟ, ಒಂದು ಪುಟ ಹರಿದ ಗುರುತೂ ಇರುವುದಿಲ್ಲ, ಒಂದು ಹೊಲಿಗೆಯೂ ಸಡಿಲವಾಗುವುದಿಲ್ಲ. ಮುನ್ನೂರೇ ಹಾಕಿಸಿದರೆ ಹೇಗೆ, ಹದಿನಾಲ್ಕೂ ಇರಲಿ, ಮದುವೆಗೂ ಅದಕ್ಕೂ ಸಂಬಂಧ ಬೇಡ, ಮದುವೆ ಮುಗಿದು ಮಗಳು ಗಂಡನ ಮನೆಗೆ ಹೋದ ಮೇಲೆ ಹೆಗಲಿಗೆ ಚೀಲ ಹಾಕಿಕೊಂಡು ಅಂಗಡಿ ಅಂಗಡಿಗೆ ಹೋಗಿ, ಎರಡು ಇಟ್ಕೊಳ್ಳಿ ಸ್ವಾಮಿ, ಖರ್ಚಾದ ಮೇಲೆ ಕೊಡಿ, ಎನ್ನುವುದು, ತಿಂಗಳು ಬಿಟ್ಟು ಹೋದರೆ ಎರಡೂ ಅಲ್ಲೇ ನಿಂತು ಅವಳನ್ನೇ ನೋಡುವುದು, ಲೈಬ್ರರಿಗೆ ಅರ್ಜಿ ಹಾಕುವುದು, ನೆಂಟರಿಗೆ ಗೌರವ ಪ್ರತಿ ಕೊಡುವುದು, ಅವರು ಗೌರವದಿಂದ ಓದದೆ ಇಡುವುದು, ಕೊನೆಗೆ ಮಂಚದ ಕೆಳಗೆ, ಹಿಂದಿನ ಕೋಣೆಯಲ್ಲಿ — ಅಲ್ಲಿಗೆ ಅವಳ ಲೆಕ್ಕ ತಟ್ಟನೆ ನಿಲ್ಲುತ್ತದೆ, ಕೈಯಲ್ಲಿದ್ದ ಕರಡಿನ ಹಾಳೆ ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತದೆ. ಹದಿಮೂರು ಕಥೆ ಮುಂದಿನ ಬಾಗಿಲಿಂದ, ವಾಲಗದ ಸಮೇತ, ಎಂಟುನೂರು ಜನರ ಕೈಗೆ, ಹದಿಮೂರೂ ಅತ್ತೆ ಹೇಳಿದ್ದು, ಅತ್ತೆ ಮಾತ್ರ ಹಿಂದಿನ ಕೋಣೆಯಲ್ಲಿ, ಬಾಗಿಲು ಮುಂದಕ್ಕೆಳೆದು, ಅಂದರೆ ತಾನೂ ಅದನ್ನೇ ಮಾಡಲು ಹೊರಟಿದ್ದಾಳಲ್ಲ, ಆ ಮನೆಯವರು ಹನ್ನೆರಡು ಸಲ ಮಾಡಿದ್ದನ್ನು ಈಗ ಎಂಟುನೂರು ಸಲ, ಅದೂ ಹಳದಿ ಚೀಲದಲ್ಲಿ ಹಾಕಿ, ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಎಂದು ಅವಳು ಗಟ್ಟಿಯಾಗಿಯೇ ಹೇಳಿಬಿಡುತ್ತಾಳೆ.

ಹಾಗಾದರೆ ಎಂಟುನೂರೂ ಇರಲಿ, ಹದಿನಾಲ್ಕೂ ಇರಲಿ, ಯಾಕಾಗಬಾರದು, ಮೂರನೆಯ ದಾರಿ ಇದೆ ಎಂದು ಯಾರೂ ಹೇಳಲೇ ಇಲ್ಲವಲ್ಲ, ಶಿವಲಿಂಗಯ್ಯ ಎರಡು ಬೆರಳು ತೋರಿಸಿ ಇದಾ ಅದಾ ಎಂದರೆ ತಾನೂ ಎರಡನ್ನೇ ನೋಡುತ್ತ ಕೂತಳಲ್ಲ, ಎದೆ ಮತ್ತೆ ಹಾರುತ್ತದೆ, ಆ ಬಸ್ಸಿನಲ್ಲಿ ಹಾರಿದ ಹಾಗೆ, ಚೂಡತ್ತೆ ಮದುವೆಮನೆಯ ಮುಂಬಾಗಿಲಲ್ಲಿ, ಅರಿಶಿನ ಕುಂಕುಮದ ತಟ್ಟೆಯ ಪಕ್ಕದಲ್ಲಿ, ಒಬ್ಬೊಬ್ಬರ ಕೈಗೂ ಹೋಗುತ್ತಾಳೆ, ಎಂಟುನೂರು ಮನೆಗೆ, ಬೀಗಿತ್ತಿ ಓದಲಿ, ಒಂದು ದಿನ ಮುಖ ಊದಿಸಿಕೊಳ್ಳುತ್ತಾರೆ, ಎರಡು ದಿನ, ಮೂರನೇ ದಿನ ಮೈಸೂರುಪಾಕು ತೆಗೆದುಕೊಂಡು ಹೋಗಿ ಕೂತರೆ ಆಯಿತು, ಯಜಮಾನರಿಗೆ ತಾನೇ ಹೇಳುತ್ತಾಳೆ, ಇವತ್ತೇ, ಕಾಫಿ ಕೊಟ್ಟ ಮೇಲೆ, ಸುಪ್ರಜಾಗೆ ಮೊದಲು ಹೇಳಬೇಕು, ಮದುವೆ ಅವಳದು, ಚಪ್ಪಲಿ ಬಿಚ್ಚಿಸಿ, ಎದುರಿಗೆ ಕೂರಿಸಿಕೊಂಡು, ಆ ಕಥೆಯನ್ನು ಪೂರ್ತಿ ಓದಿ ಹೇಳಬೇಕು, ಅವಳು ಕೇಳುತ್ತಾಳೆ, ತನ್ನ ಮಗಳು ಕೇಳುತ್ತಾಳೆ ಎನ್ನುವುದು ಅವಳಿಗೆ ಗೊತ್ತು. ಆದರೆ ರಂಗಕ್ಕ — ದೊಡ್ಡಪ್ಪನ ಮಗಳು ರಂಗನಾಯಕಿ, ಮಲ್ಲೇಶ್ವರದಿಂದ ಬರುತ್ತಾಳೆ, ಬಂದು ಈ ತೊಂಬತ್ತೆಂಟನೇ ಇಸವಿಯಲ್ಲೂ ಕಂಬದ ಹಿಂದಿನ ಕುರ್ಚಿಯೇ ಹುಡುಕಿ ಕೂರುತ್ತಾಳೆ, ಮೂವತ್ತೆರಡಕ್ಕೆ ಗಂಡನನ್ನು ಕಳೆದುಕೊಂಡವಳು, ಅವಳೂ ಆ ಜಡೆ ಇಟ್ಟುಕೊಂಡವಳೇ, ಮನೆಗೆ ಹೋಗಿ ಚೀಲ ಬಿಚ್ಚಿ ಕಥೆ ಓದಿ, ಓ, ಅದಕ್ಕೇನೇ ನನ್ನ ಹಣೇಬರಹ ಹೀಗಾಯ್ತು, ಆ ಕೈ ಮುಟ್ಟಿದ್ದಕ್ಕೇ, ಎಂದುಬಿಟ್ಟರೆ, ಸತ್ತು ಮೂವತ್ತೈದು ವರ್ಷವಾದ ಅತ್ತೆಯ ಮೇಲೆ ಹೊಸದೊಂದು ಪಾಪ ಹೊರಿಸಿದ ಹಾಗಾಗುತ್ತದೆ, ಹೊರಿಸಿದವಳು ಅಲಮೇಲು, ಈ ಹೆದರಿಕೆಯೊಂದು ನಿಜವಾದದ್ದು, ಬೀಗಿತ್ತಿಯದೆಲ್ಲ ಬರೀ ನೆಪ. ರಂಗಕ್ಕನ ಮದುವೆಯ ದಿನ, ಕನ್ನಡಿ ಮುಂದೆ ಕೂತವಳು ಕುತ್ತಿಗೆ ಹೊರಳಿಸಿ ಹೊರಳಿಸಿ ತನ್ನ ಬೆನ್ನು ನೋಡಿಕೊಂಡಳು, ಇನ್ನೊಂದು ಸಣ್ಣ ಕನ್ನಡಿಯನ್ನು ಹಿಂದೆ ಹಿಡಿದಿದ್ದವಳು ಒಂಬತ್ತು ವರ್ಷದ ಅಲಮೇಲು, ಜಡೆ ನೋಡಿ ರಂಗಕ್ಕನ ಮುಖ ಎಷ್ಟು ಅರಳಿತು ಎಂದರೆ, ಯಾರೇ ಹೆಣೆದಿದ್ದು ಇದನ್ನ, ಅವರ ಕೈಗೆ ಒಂದು ಬಂಗಾರದ ಬಳೆ ಹಾಕ್ಬೇಕು ಕಣೇ, ಎಂದಳು, ಬಾಗಿಲು ತೆರೆದಿತ್ತು, ಎದುರಿಗೆ ಆ ಕಿಟಕಿ, ಸರಳಿನ ಮೇಲೆ ನಾಲ್ಕು ಬೆರಳು — ಇದನ್ನು ತಾನು ಕಥೆಯಲ್ಲಿ ಬರೆದಿಲ್ಲ, ಕಥೆಯಲ್ಲಿ ಮದುಮಗಳು ಕೇಳುತ್ತಾಳೆ, ಅಷ್ಟರಲ್ಲಿ ಮುಹೂರ್ತವಾಗಿ ವಾಲಗ ಮೊಳಗುತ್ತದೆ, ಉತ್ತರ ಯಾರಿಗೂ ಕೇಳಿಸುವುದಿಲ್ಲ, ಎಷ್ಟು ಚೆನ್ನಾಗಿ ಮುಗಿಸಿದೀಯ ಎಂದು ತನಗೆ ತಾನೇ ಶಭಾಸ್ ಹೇಳಿಕೊಂಡಿದ್ದಳು, ವಾಲಗ ಎಲ್ಲಿತ್ತು, ಅದು ಶುರುವಾದದ್ದು ಎಷ್ಟೋ ಹೊತ್ತಿನ ಮೇಲೆ, ಆ ಕೋಣೆಯಲ್ಲಿ ಉಸಿರು ಬಿಟ್ಟರೆ ಕೇಳಿಸುವಷ್ಟು ಸದ್ದಡಗಿತ್ತು.

ಏನಮ್ಮಾ, ಏನ್ ತೀರ್ಮಾನ ಮಾಡಿದ್ರಿ, ಎಂದು ಶಿವಲಿಂಗಯ್ಯ ಹೆಗಲ ಮೇಲಿನ ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬರುತ್ತಾರೆ, ಸಾರು ಚೆನ್ನಾಗಿರಲಿಲ್ಲವೆಂದು ಕಾಣುತ್ತದೆ, ಎಂಟುನೂರು ಎಂದು ಅಲಮೇಲು ಹೇಳುತ್ತಾಳೆ, ಎಂಟುನೂರು, ಹದಿನಾಲ್ಕು ಕಥೆ, ಒಂದು ಹಾಳೆಯೂ ತೆಗೀಬೇಡಿ, ಬರೆದವಳು ನಾನೊಬ್ಬಳೇ, ಆ ಶ್ರೀಮತಿ ಮತ್ತು ಶ್ರೀ ವರದರಾಜ ತೆಗೆದು ಅಲಮೇಲು ಅಂತ ಹಾಕಿ, ಆಗಮನಾಭಿಲಾಷಿಗಳೂ ಬೇಡ. ಯಜಮಾನ್ರನ್ನ ಕೇಳಿದ್ರಾ. ನಾನು ಹೇಳ್ತೀನಿ ಅವರಿಗೆ. ಸರಿ ಅಮ್ಮಾ, ಹಂಗಾದ್ರೆ ಕೊಡಿ ಪ್ರೂಫು, ಅಚ್ಚಿನ ಪ್ಲೇಟಿಗೆ ಕಳಿಸ್ತೀನಿ. ಒಂದು ನಿಮಿಷ ತಡೀರಿ, ಒಂದು ಸಾಲು ಸೇರಿಸಬೇಕು, ಕೊನೇ ಪುಟದಲ್ಲಿ ಜಾಗ ಇದೆಯಾ ನೋಡಿ. ಅವರು ಬಗ್ಗಿ ನೋಡಿ, ಇದೆ, ಒಂದ್ ಸಾಲೇನು, ನಾಕ್ ಸಾಲು ಬರೀರಿ, ಎಂದು ತಮ್ಮ ಜೇಬಿನ ಪೆನ್ನನ್ನೇ ಕೊಡುತ್ತಾರೆ, ಅವಳು ಹದಿನಾಲ್ಕನೆಯ ಕಥೆಯ ಕೊನೆಯ ಪುಟ ತಿರುವಿ ವಾಲಗ ಮೊಳಗುವ ಸಾಲಿನ ಮೇಲೆ ಗೆರೆ ಎಳೆದು ಹೊಡೆದುಹಾಕುತ್ತಾಳೆ, ರಂಗಕ್ಕ ಏನಾದರೂ ಅನ್ನಲಿ, ಬೈಯಲಿ, ಅಳಲಿ, ಯಾರು ಹೆಣೆದದ್ದು ಎಂದು ಅವತ್ತು ಕೇಳಿದವಳು ಅವಳು, ನಲವತ್ತೇಳು ವರ್ಷದಿಂದ ಅವಳಿಗೆ ಸಿಕ್ಕಿರುವುದು ಸುಳ್ಳು ಉತ್ತರ, ಬೆರಳುಗಳಿಗೂ ಅದೇ ಕೇಳಿಸಿದ್ದು, ಅಂಗಡಿಯ ಪೆನ್ನು ಸ್ವಲ್ಪ ಸೋರುತ್ತದೆ, ಮಸಿ ಕೈಗೆ ಹತ್ತುತ್ತದೆ, ಅವಳು ಬರೆಯುತ್ತಾಳೆ, ಪೇಟೆಯಿಂದ ತಂದಿದ್ದು ಎಂದು ಹೇಳಿದವಳು ನಾನು — ಬರೆದು ಮುಂದಿನ ಮಾತು ಹುಡುಕುತ್ತಾಳೆ, ಮುಂದೆ ಏನೋ ಇರಬೇಕಲ್ಲ, ಯಾಕೆ ಹೇಳಿದೆ ಎಂದು, ಹಾಗೆ ಹೇಳು ಎಂದು ಕಲಿಸಿದ್ದರು ಎಂದು, ನನಗಾಗ ಒಂಬತ್ತು ವರ್ಷ ಎಂದು, ಆದರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ, ಪೇಟೆಯಿಂದ ತಂದಿದ್ದು ಎಂದಾಗ ಕಿಟಕಿಯ ಸರಳಿನ ಮೇಲಿನ ಆ ಹಸಿರು ಬೆರಳುಗಳು ಒಂದು, ಇನ್ನೊಂದು, ಮತ್ತೊಂದು, ಕಡೆಯದು, ಮೆಲ್ಲಗೆ ಸರಳು ಬಿಟ್ಟು ಒಳಗೆ ಹೋದವು.